ಎಡಗಡೆ ಸೀಟಿಗೆ ಬ್ರೇಕ್ ಇಲ್ಲ

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ವಾರಕ್ಕೊಂದಾದರೂ ರಸ್ತೆ ಅಪಘಾತದ ಸುದ್ದಿ ಇರುತ್ತದೆ. ಊರು ಬೇರೆ, ಕಾರು ಬೇರೆ, ಒಳಗಿನ ಸಾಲು ಮಾತ್ರ ಅದೇ. 'ಅತಿವೇಗದಿಂದ ಬಂದ ಕಾರು ಚಾಲಕನ ನಿಯಂತ್ರಣ ತಪ್ಪಿ...' ಆಮೇಲೆ ಹೆಸರುಗಳು. ಎಷ್ಟೋ ಸಲ ಪಕ್ಕದ ಸೀಟಿನಲ್ಲಿದ್ದ ಹೆಂಡತಿಯ ಹೆಸರೂ ಅದರಲ್ಲಿ ಇರುತ್ತದೆ. ಅದನ್ನು ಓದುವಾಗಲೆಲ್ಲ ನನಗೆ ಬರುವ ಯೋಚನೆ ಒಂದೇ. ಆಕೆ ಅದಕ್ಕೆ ಮುಂಚಿನ ಹತ್ತು ಕಿಲೋಮೀಟರಿನಲ್ಲಿ ಏನು ಹೇಳಿರಬಹುದು? 'ರೀ, ಸ್ವಲ್ಪ ನಿಧಾನ' ಅಂದಿರುತ್ತಾಳೆ. ಒಂದು ಸಲ ಅಲ್ಲ, ನಾಲ್ಕು ಸಲ. ಐದನೇ ಸಲಕ್ಕೆ, ಹೋಗಲಿ, ದಾರಿಯಲ್ಲಿ ಜಗಳ ಯಾಕೆ ಅಂತ ಬಾಯಿ ಮುಚ್ಚಿಕೊಂಡಿರುತ್ತಾಳೆ. ಇದನ್ನು ಯಾವ ವರದಿಗಾರರೂ ಬರೆಯುವುದಿಲ್ಲ, ಬರೆಯಲು ಆಗುವುದೂ ಇಲ್ಲ. ಹಾಗಾಗಿ ಇನ್ನೂ ಹೇಳುವ ಸ್ಥಿತಿಯಲ್ಲಿರುವ ನಾನೇ ಬರೆದುಬಿಡೋಣ ಅಂತ ಕೂತಿದ್ದೇನೆ. ಸ್ವಲ್ಪ ಉದ್ದವಾದರೆ ಕ್ಷಮಿಸಿ.

ನಾವು ಮೈಸೂರಿನವರು. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಗಳು ಬೆಂಗಳೂರಿನಲ್ಲಿ ಓದುತ್ತಿದ್ದಾಳೆ, ಅವಳನ್ನು ಬಿಡಲು, ಕರೆತರಲು, ನೆಂಟರಿಷ್ಟರ ಮದುವೆ ಮುಂಜಿ ಅಂತ ತಿಂಗಳಿಗೆ ಎರಡು ಸಲವಾದರೂ ಆ ಹೈವೇ ಹತ್ತುತ್ತೇವೆ. ಓಡಿಸುವುದು ನಮ್ಮ ಮನೆಯವರು. ಅವರು ಕೆಟ್ಟ ಮನುಷ್ಯರಲ್ಲ, ಇದನ್ನು ಮೊದಲೇ ಹೇಳಿಬಿಡುತ್ತೇನೆ. ಕುಡಿಯುವುದಿಲ್ಲ. ರಾತ್ರಿ ಮಲಗುವ ಮುಂಚೆ ಗ್ಯಾಸ್ ಆಫ್ ಆಗಿದೆಯಾ ಅಂತ ಎರಡು ಸಲ ನೋಡಿ ಬರುತ್ತಾರೆ. ಹಾಲು ಒಂಚೂರು ವಾಸನೆ ಬಂದರೂ ಮೋರಿಗೆ ಚೆಲ್ಲುತ್ತಾರೆ. ಬ್ಯಾಂಕಿನಿಂದ ತಂದ ದುಡ್ಡನ್ನು ಕೌಂಟರಿನಲ್ಲೇ ಎಣಿಸಿ, ಮನೆಗೆ ಬಂದು ಮತ್ತೆ ಎಣಿಸುವ ಜಾತಿ. ಅಂಥವರು ಟೋಲ್ ದಾಟಿದ ತಕ್ಷಣ ಯಾರೋ ಬೇರೆಯವರಾಗುತ್ತಾರೆ. ಬೆನ್ನು ನೆಟ್ಟಗಾಗುತ್ತದೆ, ಮಾತು ನಿಲ್ಲುತ್ತದೆ, ಮುಂದೆ ಹೋಗುವ ಗಾಡಿಗಳೆಲ್ಲ ಅವರಿಗೆ ಏನೋ ಬಾಕಿ ಇಟ್ಟುಕೊಂಡಿರುವಂತೆ ಬೆನ್ನು ಹತ್ತುತ್ತಾರೆ.

ಹಳೇ ರಸ್ತೆ ಇದ್ದಾಗ ಇಷ್ಟು ಕಷ್ಟ ಇರಲಿಲ್ಲ. ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ, ಬಿಡದಿ ಎಲ್ಲದರ ಹೊಟ್ಟೆಯೊಳಗೇ ಹೋಗಬೇಕಿತ್ತು. ಸಿಗ್ನಲ್ಲು, ಹಂಪು, ಕಬ್ಬಿನ ಗಾಡಿ, ರಸ್ತೆಗೆ ಬಂದು ನಿಂತ ಎಮ್ಮೆ. ಆ ಹಂಪುಗಳೇ ನನ್ನ ಪರವಾಗಿ ಮಾತಾಡುತ್ತಿದ್ದವು ಅನ್ನಿ. 2023ರ ಮಾರ್ಚ್ 12ರಂದು ಪ್ರಧಾನಿಯವರು ಮಂಡ್ಯ ಜಿಲ್ಲೆಗೆ ಬಂದು ಹೊಸ ಹೈವೇ ಉದ್ಘಾಟನೆ ಮಾಡಿದ ಮೇಲೆ ಊರುಗಳೆಲ್ಲ ಪಕ್ಕಕ್ಕೆ ಸರಿದವು. ರಸ್ತೆ ಚೆನ್ನಾಗಿದೆ, ಅನುಕೂಲ ಆಗಿದೆ, ಇಲ್ಲ ಅನ್ನುವುದಿಲ್ಲ. ಆದರೆ ಮೊದಲ ಕೆಲವು ತಿಂಗಳಲ್ಲಿ ಅಲ್ಲಿ ಎಷ್ಟು ಜನ ಸತ್ತರು ಅನ್ನುವುದನ್ನು ನಿಮ್ಮ ಪತ್ರಿಕೆಯೇ ದಿನ ಬಿಟ್ಟು ದಿನ ಬರೆಯಿತಲ್ಲ. ಆ ವರ್ಷದ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ನಿಲ್ಲಿಸಿದರು. ಕಾರಿಗೆ 100 ಮಿತಿ ಅಂತ ಬೋರ್ಡು ಬಂತು, ಕ್ಯಾಮೆರಾ ಬಂತು. 2024ರ ಆಗಸ್ಟ್ 1ರಿಂದ ರಾಜ್ಯದ ಯಾವ ರಸ್ತೆಯಲ್ಲೇ ಆಗಲಿ 130 ದಾಟಿದರೆ ಎಫ್‌ಐಆರ್ ಅಂತ ಪೊಲೀಸರು ಹೇಳಿದರು.

ನಮ್ಮ ಮನೆಯವರಿಗೆ ಇದೆಲ್ಲ ಬಾಯಿಪಾಠ. ಕ್ಯಾಮೆರಾ ಕಂಬ ದೂರದಲ್ಲಿ ಕಂಡರೆ ಸಾಕು, ಮುಳ್ಳು 98ಕ್ಕೆ ಇಳಿಯುತ್ತದೆ. ದಾಟಿದ ಮೇಲೆ 125. ಅಂದರೆ ನಿಧಾನಕ್ಕೆ ಓಡಿಸಲು ಅವರಿಗೆ ಬರುತ್ತದೆ. ಕಂಬಕ್ಕೆ ಸಿಗುವ ಮರ್ಯಾದೆ ಪಕ್ಕದಲ್ಲಿ ಕೂತವಳಿಗೆ ಸಿಗುವುದಿಲ್ಲ, ಅಷ್ಟೇ. ಆದರೂ ಒಮ್ಮೊಮ್ಮೆ ಲೆಕ್ಕ ತಪ್ಪಿ ದಂಡ ಬೀಳುತ್ತದೆ. ಆ ಮೆಸೇಜು ಬರುವುದು ನನ್ನ ಮೊಬೈಲಿಗೆ! ಕಾರಿನ ಸಾಲ ನನ್ನ ಸಂಬಳದ ಮೇಲೆ ತೆಗೆದದ್ದು, ಆರ್‌ಸಿಯಲ್ಲಿರುವುದು ನನ್ನ ಹೆಸರು. ಎಂಟನೇ ಕ್ಲಾಸಿಗೆ ಪಾಠ ಮಾಡುತ್ತಿರುವಾಗ ಫೋನ್ ನಡುಗುತ್ತದೆ, ನೋಡಿದರೆ ನಾನು ಭಾನುವಾರ ಅತಿವೇಗದಲ್ಲಿ ಹೋಗಿದ್ದೇನೆ. ಇವರನ್ನು ಕೇಳಿದರೆ ನಗುತ್ತಾರೆ. ಈಗಲೇ ಕಟ್ಟಬೇಡ, ಅರ್ಧ ರಿಯಾಯಿತಿ ಬಿಡುತ್ತಾರೆ ಅನ್ನುತ್ತಾರೆ. ಬಿಟ್ಟಿದ್ದೂ ಹೌದು, 2023ರಲ್ಲೂ ಬಿಟ್ಟರು, 2025ರಲ್ಲೂ ಬಿಟ್ಟರು. ಸರ್ಕಾರ ದಂಡಕ್ಕೂ ಆಷಾಢದ ಸೀರೆ ಸೇಲಿನ ಹಾಗೆ ರಿಯಾಯಿತಿ ಕೊಟ್ಟರೆ ಜನ ಯಾಕೆ ಹೆದರುತ್ತಾರೆ, ನೀವೇ ಹೇಳಿ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಪಕ್ಕದಲ್ಲಿ ಕೂತವರಿಗೆ ಹೇಗನಿಸುತ್ತದೆ ಅಂತ ಓಡಿಸುವವರಿಗೆ ನಿಜವಾಗಿಯೂ ಗೊತ್ತಿಲ್ಲ. ಸೋಗು ಹಾಕುತ್ತಿದ್ದಾರೆ ಅಂತ ಮೊದಲು ಅಂದುಕೊಂಡಿದ್ದೆ. ನಾನೇ ನಲವತ್ಮೂರನೇ ವಯಸ್ಸಿನಲ್ಲಿ ಡ್ರೈವಿಂಗ್ ಕಲಿತ ಮೇಲೆ ಅರ್ಥವಾಯಿತು, ಅವರಿಗೆ ಗೊತ್ತಾಗುವುದೇ ಇಲ್ಲ. ಸ್ಟೀರಿಂಗ್ ಕೈಯಲ್ಲಿದ್ದಾಗ ಮುಂದಿನ ತಿರುವು ಮನಸ್ಸಿಗೆ ಮೊದಲೇ ಗೊತ್ತಿರುತ್ತದೆ, ಮೈ ಅದಕ್ಕೆ ತಯಾರಾಗಿರುತ್ತದೆ. ಪಕ್ಕದವರಿಗೆ ತಿರುಗಿದ ಮೇಲೆ ತಿಳಿಯುತ್ತದೆ. ಬ್ರೇಕ್ ಯಾವಾಗ ಹಾಕಬೇಕು ಅಂತ ಅವರು ತಲೆಯಲ್ಲಿ ಗುರುತು ಮಾಡಿಕೊಂಡಿರುತ್ತಾರೆ. ಆ ಗುರುತು ನನಗೆ ಕಾಣುವುದಿಲ್ಲ, ಹತ್ತಿರ ಬರುತ್ತಿರುವ ಲಾರಿ ಮಾತ್ರ ಕಾಣುತ್ತದೆ. ಇನ್ನೊಂದು, ಗಂಟೆಗಟ್ಟಲೆ ಒಂದೇ ಸ್ಪೀಡಿನಲ್ಲಿ ಹೋದರೆ ಕಣ್ಣಿಗೆ ಅದು ಅಭ್ಯಾಸವಾಗಿಬಿಡುತ್ತದೆ. 120ರಿಂದ 80ಕ್ಕೆ ಇಳಿದರೆ ಗಾಡಿ ನಿಂತೇ ಹೋಯಿತೇನೋ ಅನಿಸುತ್ತದೆ. ಇದು ನನಗೂ ಆಗಿದೆ. ಆದ್ದರಿಂದ 'ಎಲ್ಲಿ ಸ್ಪೀಡು? ಜಾಸ್ತಿ ಹೋಗ್ತಾನೇ ಇಲ್ವಲ್ಲ' ಅಂತ ಅವರು ಹೇಳುವುದು ಸುಳ್ಳಲ್ಲ. ಹಾಗಂತ ಅದು ನಿಜವೂ ಅಲ್ಲ.

ಮತ್ತೆ ನಮ್ಮ ದೇಶದಲ್ಲಿ ಎಡಗಡೆ ಸೀಟಿನ ಕಷ್ಟವೇ ಬೇರೆ. ಕೊಳ್ಳೇಗಾಲದ ಕಡೆಗೋ ಹುಣಸೂರಿನ ಕಡೆಗೋ ಎರಡು ಕಡೆಯಿಂದಲೂ ಗಾಡಿ ಬರುವ ರಸ್ತೆಯಲ್ಲಿ ಹೋಗಿ ನೋಡಿ. ಲಾರಿಯ ಹಿಂದೆ ಅಂಟಿಕೊಂಡಾಗ ಬಲಗಡೆ ಕೂತವರಿಗೆ ಎದುರಿನ ರಸ್ತೆ ಒಂದಿಷ್ಟು ಕಾಣುತ್ತದೆ. ನನಗೆ ಕಾಣುವುದು ಲಾರಿಯ ಹಿಂಭಾಗ, 'ಸೌಂಡ್ ಹಾರ್ನ್', ನಿಂಬೆಹಣ್ಣು ಮೆಣಸಿನಕಾಯಿ. ಅವರು ಬಲಕ್ಕೆ ತಿರುಗಿಸಿ ಮುನ್ನುಗ್ಗಿದಾಗ ಎದುರಿನಿಂದ ಏನು ಬರುತ್ತಿದೆ ಅಂತ ನನಗೆ ತಿಳಿಯುವುದು ಎಲ್ಲ ಮುಗಿದ ಮೇಲೆ. ಹೈವೇಯಲ್ಲಿ ಇದು ಉಲ್ಟಾ. ಲಾರಿಗಳು ಬಲಗಡೆ ಲೇನ್ ಬಿಡುವುದಿಲ್ಲ, ಎಷ್ಟು ಡಿಪ್ಪರ್ ಹೊಡೆದರೂ ಸರಿಯುವುದಿಲ್ಲ, ಇವರು ಎಡಗಡೆಯಿಂದ ನುಗ್ಗಿಸುತ್ತಾರೆ. ಎಡಗಡೆ ಅಂದರೆ ಯಾವ ಕಡೆ? ನಾನು ಕೂತಿರುವ ಕಡೆ. ಕೆಟ್ಟು ನಿಂತ ಗಾಡಿ, ತಡೆಗೋಡೆ, ಯಾರೋ ಟಯರ್ ಬದಲಿಸುತ್ತಿರುವುದು, ಎಲ್ಲ ನನ್ನ ಮೊಣಕೈ ಪಕ್ಕದಲ್ಲೇ ಹಾದುಹೋಗುತ್ತದೆ. ಒಂದೇ ಕಾರಿನಲ್ಲಿ ಕೂತು ನಾವಿಬ್ಬರೂ ಬೇರೆ ಬೇರೆ ರಸ್ತೆ ನೋಡುತ್ತಿರುತ್ತೇವೆ.

ಆಗ ನನ್ನ ಬಲಗಾಲು ತಾನಾಗಿಯೇ ಮ್ಯಾಟನ್ನು ಒತ್ತುತ್ತದೆ. ಈ ಪತ್ರ ಓದುವ ಎಷ್ಟೋ ಹೆಂಗಸರಿಗೆ ಈ ಬ್ರೇಕು ಗೊತ್ತು. ನಮ್ಮ ಕಾರಿನಲ್ಲಿ ಎಡಗಡೆ ಮ್ಯಾಟು ಒಂದು ಕಡೆ ಸವೆದೇ ಹೋಗಿದೆ, ಹಿಮ್ಮಡಿ ಊರುವ ಜಾಗದಲ್ಲಿ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಎಡಗಡೆ ಕೂತವರಿಗೂ ಒಂದು ಬ್ರೇಕ್ ಪೆಡಲ್ ಇರುತ್ತದೆ ನೋಡಿ, ನಾನು ಕಲಿಯುವಾಗ ಅದನ್ನು ಕಂಡು ಆ ಮೇಷ್ಟರ ಮೇಲೆ ನನಗೆ ಹೊಟ್ಟೆಕಿಚ್ಚಾಗಿತ್ತು.

ಹೇಳಿದರೆ ಬರುವ ಉತ್ತರಗಳು ಎಲ್ಲ ಮನೆಯಲ್ಲೂ ಒಂದೇ ಇರಬೇಕು. 'ನಿಂಗೆ ಎಲ್ಲದಕ್ಕೂ ಭಯ.' 'ನೀನು ಮಾತಾಡಿದ್ರೆ ನಂಗೆ ಡಿಸ್ಟರ್ಬ್ ಆಗುತ್ತೆ, ಆಗ್ಲೇ ಆಕ್ಸಿಡೆಂಟ್ ಆಗೋದು.' ಕೊನೆಗೆ ಬ್ರಹ್ಮಾಸ್ತ್ರ, 'ಇಪ್ಪತ್ತು ವರ್ಷದಿಂದ ಓಡಿಸ್ತಿದೀನಿ, ಒಂದು ಗೀರಾಗಿದ್ಯಾ?' ಇಲ್ಲ, ಆಗಿಲ್ಲ. ಆದರೆ ಆ ಇಪ್ಪತ್ತು ವರ್ಷದಲ್ಲಿ ಎದುರಿನವರು ಎಷ್ಟು ಸಲ ಬ್ರೇಕ್ ಹಾಕಿದರು, ಎಷ್ಟು ಜನ ಪಕ್ಕಕ್ಕೆ ಸರಿದು ಜಾಗ ಕೊಟ್ಟರು, ಅದರ ಲೆಕ್ಕ ಎಡಗಡೆ ಸೀಟಿನ ಹತ್ತಿರ ಇದೆ. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ, ಅದರಲ್ಲಿ ನೂರಕ್ಕೆ 71ರಷ್ಟು ಸಾವಿಗೆ ಕಾರಣ ಅತಿವೇಗ ಅಂತ ಕೇಂದ್ರ ಸರ್ಕಾರದ ವರದಿಯೇ ಹೇಳಿದೆ. ಆ ಗಾಡಿಗಳನ್ನು ಓಡಿಸುತ್ತಿದ್ದವರಲ್ಲಿ ಎಷ್ಟೋ ಜನ ಹಿಂದಿನ ದಿನದವರೆಗೂ ಗೀರಾಗದವರೇ ಅಲ್ವಾ?

ನಾನು ಒಂಬತ್ತನೇ ಕ್ಲಾಸಿಗೆ ಚಲನಶಕ್ತಿಯ ಪಾಠ ಮಾಡುವವಳು. ವೇಗ ಒಂದೂವರೆ ಪಟ್ಟಾದರೆ ಹೊಡೆತದ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ, 80 ಇದ್ದದ್ದು 120 ಆದರೆ ಆಗುವುದು ಅದೇ. 120ರಲ್ಲಿ ಗಾಡಿ ಸೆಕೆಂಡಿಗೆ 33 ಮೀಟರ್ ಹೋಗುತ್ತದೆ, ಮೂರು ಸಿಟಿ ಬಸ್ಸು ಸಾಲಾಗಿ ನಿಲ್ಲಿಸಿದರೆ ಹತ್ತಿರಹತ್ತಿರ ಅಷ್ಟಾಗುತ್ತದೆ. ಮುಂದೆ ಏನೋ ಇದೆ ಅಂತ ಕಣ್ಣು ನೋಡಿ ಕಾಲು ಬ್ರೇಕಿಗೆ ಬರುವುದರೊಳಗೆ ಆ ಮೂರು ಬಸ್ಸು ದಾಟಿಯಾಗಿರುತ್ತದೆ, ಬ್ರೇಕ್ ಇನ್ನೂ ಶುರುವೇ ಆಗಿಲ್ಲ. ಇದನ್ನು ಮಕ್ಕಳಿಗೆ ಹೇಳಿದರೆ ಬಾಯಿ ಬಿಟ್ಟುಕೊಂಡು ಕೇಳುತ್ತಾರೆ. ಮನೆಯಲ್ಲಿ ಹೇಳಿದರೆ 'ಸ್ಕೂಲು ಇಲ್ಲಿಗೂ ಬಂತಾ' ಅನ್ನುತ್ತಾರೆ. ಸರಿ, ಇದರಿಂದ ಉಳಿಯುವುದು ಎಷ್ಟು? ಹೈವೇ ಸುಮಾರು 119 ಕಿಲೋಮೀಟರ್. 100ರಲ್ಲಿ ಹೋದರೆ 71 ನಿಮಿಷ, ಎಲ್ಲೂ ನಿಲ್ಲಿಸದೆ 120ರಲ್ಲಿ ಹೋದರೆ 60. ಉಳಿದ 11 ನಿಮಿಷವನ್ನು ಕೆಂಗೇರಿ ಟ್ರಾಫಿಕ್ಕು ಬಡ್ಡಿ ಸಮೇತ ವಾಪಸ್ ಪಡೆಯುತ್ತದೆ. ಮೈಸೂರಿಗೆ ಬರುವಾಗ ಉಳಿಸಿದರೋ, ಅದನ್ನು ಮನೆಗೆ ಬಂದು ಸೋಫಾದ ಮೇಲೆ ಕಾಲು ಚಾಚಿ ಟಿವಿ ಚಾನೆಲ್ ಬದಲಿಸುತ್ತಾ ಖರ್ಚು ಮಾಡುತ್ತಾರೆ.

ಇನ್ನು ಮೇಲೆ ಬರೆಯುವುದು ನಮ್ಮ ಮನೆಯವರಿಗೂ ಗೊತ್ತಿಲ್ಲದ್ದು. ಕಾರಿನಲ್ಲಿ ನಾವು ಮೂರು ಜನ ಹೆಂಗಸರು, ಮೂವರಿಗೂ ಭಯ, ಮೂವರದೂ ಒಂದೊಂದು ದಾರಿ. ನಮ್ಮತ್ತೆಗೆ ಎಪ್ಪತ್ತಾರು. ಮೊದಲೆಲ್ಲ 'ನಿಧಾನಕ್ಕೆ ಹೋಗೋ ಮಗಾ' ಅನ್ನುತ್ತಿದ್ದರು, ಎರಡು ನಿಮಿಷ ನಿಧಾನ, ಮತ್ತೆ ಅದೇ. ಈಗ ಅವರು ಹಾಗೆ ಅನ್ನುವುದಿಲ್ಲ. ಸೆರಗಿನ ತುದಿ ಬಾಯಿಗೆ ಹಿಡಿದು, 'ಯಾಕೋ ಹೊಟ್ಟೆ ತೊಳೆಸ್ತಿದೆ ಕಣೋ' ಅನ್ನುತ್ತಾರೆ. ನೋಡಬೇಕು ಆಗ! ಮುಳ್ಳು ಸರ್ರನೆ 60ಕ್ಕೆ ಬರುತ್ತದೆ, ಎಸಿ ಜಾಸ್ತಿ ಆಗುತ್ತದೆ, 'ಅಮ್ಮಾ, ನಿಲ್ಲಿಸ್ಲಾ?' ಅಂತ ಕಕ್ಕುಲಾತಿ ಬೇರೆ. ಹೊಸ ಸೀಟ್ ಕವರ್ ಹಾಕಿಸಿದ್ದರಲ್ಲ. ಅತ್ತೆ ಕನ್ನಡಿಯಲ್ಲಿ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದಾಗಲೇ ನನಗೆ ಗೊತ್ತಾದದ್ದು, ಹೊಟ್ಟೆಗೆ ಏನೂ ಆಗಿಲ್ಲ ಅಂತ. ಜೀವಭಯ ಅಂದರೆ ಕೇಳದ ಮನುಷ್ಯ ವಾಂತಿ ಅಂದರೆ ಕೇಳುತ್ತಾನೆ.

ಮಗಳದ್ದು ಇನ್ನೂ ಬೇರೆ. ಹೋದ ವರ್ಷದಿಂದ ಅವಳು ಆದಷ್ಟೂ ಟ್ರೈನಿನಲ್ಲೇ ಬರಲು ಶುರು ಮಾಡಿದ್ದಾಳೆ. ಅಪ್ಪ ಖುಷಿಯಾಗಿ ಎಲ್ಲರ ಹತ್ತಿರ ಹೇಳಿಕೊಂಡು ತಿರುಗುತ್ತಾರೆ, ಮಗಳಿಗೆ ಟ್ರೈನ್ ಅಂದರೆ ಪ್ರಾಣ, ಕಿಟಕಿ ಪಕ್ಕ ಕೂತು ಓದಿಕೊಳ್ಳುತ್ತಾಳೆ ಅಂತ. ನನ್ನ ಹತ್ತಿರ ಅವಳು ಹೇಳಿದ್ದು ಇಷ್ಟು: 'ಅಪ್ಪನ ಜೊತೆ ಕಾರಲ್ಲಿ ಬಂದ್ರೆ ಎರಡು ದಿನ ನಿದ್ದೆ ಬರಲ್ಲ ಅಮ್ಮಾ. ಹೇಳಿದ್ರೆ ಬೇಜಾರ್ ಮಾಡ್ಕೊತಾರೆ, ಟ್ರೈನೇ ವಾಸಿ ಬಿಡು.'

ನನ್ನ ದಾರಿ ಸುಮ್ನೆ ಇರುವುದು. ಸುಮ್ಮನಿದ್ದರೆ ಒಪ್ಪಿಗೆ ಅಂತ ಅವರು ತಿಳಿದುಕೊಳ್ಳುತ್ತಾರೆ. ನಮ್ಮ ಸ್ಕೂಲಿನ ಒಬ್ಬ ಹೊಸ ಟೀಚರ್, ಮದುವೆಯಾಗಿ ಆರು ತಿಂಗಳು, ಗಂಡನ ಬೈಕಿನಲ್ಲಿ ಬರುತ್ತಾಳೆ. ಅವನು ಜೋರಾಗಿ ಓಡಿಸಿದಷ್ಟೂ ಇವಳು ಗಟ್ಟಿಯಾಗಿ ಹಿಡಿದುಕೊಳ್ಳುತ್ತಾಳೆ, ಇವಳು ಹಿಡಿದಷ್ಟೂ ಅವನು ಇನ್ನೂ ಜೋರು. ಅವನಿಗೆ ಅದು ಪ್ರೀತಿ. ಇದು ಬರೀ ಗಂಡಸರ ಮೇಲಿನ ದೂರು ಅಂತಲೂ ತಿಳಿಯಬೇಡಿ. ಪಿಟಿ ಮೇಷ್ಟರೊಬ್ಬರ ಹೆಂಡತಿ ಇವರಿಗಿಂತ ಎರಡು ಕೈ ಮೇಲು, ಆ ಮೇಷ್ಟರು ಇಡೀ ಸ್ಕೂಲನ್ನು ಒಂದು ವಿಶಲ್‌ನಲ್ಲಿ ನಿಲ್ಲಿಸುವವರು, ಕಾರಿನಲ್ಲಿ ಬಾಗಿಲ ಮೇಲಿನ ಹಿಡಿ ಹಿಡಿದುಕೊಂಡು ದೇವರ ಸ್ಮರಣೆ ಮಾಡುತ್ತಾರಂತೆ.

ಹೋದ ಮಳೆಗಾಲದಲ್ಲಿ ಒಂದು ಸಂಜೆ ಬೆಂಗಳೂರಿನಿಂದ ಬರುತ್ತಿದ್ದೆವು. ಮದ್ದೂರು ದಾಟಿತ್ತು, ಮಳೆ ಆಗಷ್ಟೇ ನಿಂತಿತ್ತು, ರಸ್ತೆ ಮೇಲೆ ನೀರು ಕನ್ನಡಿ ಹಾಗೆ ಹೊಳೆಯುತ್ತಿತ್ತು. ಸ್ಪೀಡು 110 ಇರಬಹುದು. ಮುಂದೆ ಒಂದು ಗಾಡಿ, ಹಿಂದಿನ ದೀಪ ಇಲ್ಲ, ಮೆಲ್ಲಗೆ ತೆವಳುತ್ತಿದೆ. ನಾನು ನೋಡಿದೆ, ಬಾಯಿಗೆ ಮಾತು ಬರಲಿಲ್ಲ. ಅವರು ಬ್ರೇಕ್ ಹಾಕಿದರು. ಕಾರು ನಿಲ್ಲಲಿಲ್ಲ, ಜಾರಿತು. ಜಾರುವಾಗ ಒಂದು ಥರದ ನಿಶ್ಶಬ್ದ ಇರುತ್ತದೆ, ಅದನ್ನು ಹೇಗೆ ಹೇಳುವುದೋ ಗೊತ್ತಿಲ್ಲ. ಹಿಂದಿನ ಸೀಟಿನ ಮೇಲಿಟ್ಟಿದ್ದ ಚಕ್ಕುಲಿ ಡಬ್ಬ ಹಾರಿ ಗೇರಿನ ಹತ್ತಿರ ಬಂದು ಬಿತ್ತು, ಮುಚ್ಚಳ ಬಿಚ್ಚಿಕೊಂಡು ಚಕ್ಕುಲಿಯೆಲ್ಲ ಚೂರುಚೂರು. ಅತ್ತೆ ಬೆಲ್ಟ್ ಹಾಕಿಕೊಂಡಿದ್ದರು, ಹಿಂದಿನ ಸೀಟಿನಲ್ಲಿ ಬೆಲ್ಟ್ ಇಲ್ಲದೆ ಕೂತಿದ್ದ ಉದ್ಯಮಿ ಸೈರಸ್ ಮಿಸ್ತ್ರಿಯವರು 2022ರಲ್ಲಿ ಮಹಾರಾಷ್ಟ್ರದ ಪಾಲ್ಘರ್ ಹತ್ತಿರ ಕಾರು ಅಪಘಾತದಲ್ಲಿ ಹೋಗಿಬಿಟ್ಟ ಮೇಲೆ ನಾನು ಹಟ ಮಾಡಿ ಹಿಂದಿನ ಸೀಟಿನಲ್ಲೂ ಹಾಕಿಸುತ್ತೇನೆ. ಇಲ್ಲದಿದ್ದರೆ ಡಬ್ಬದ ಜಾಗದಲ್ಲಿ ಅವರು ಇರುತ್ತಿದ್ದರು. ಆ ಗಾಡಿಗೂ ನಮಗೂ ಮಧ್ಯೆ ಒಂದು ಮಂಚದಷ್ಟು ಜಾಗ ಉಳಿದಿತ್ತು. ಇವರು ಉಸಿರು ಬಿಟ್ಟು ಹೇಳಿದ್ದು, 'ನೋಡಿದ್ಯಾ, ಹೆಂಗೆ ಕಂಟ್ರೋಲ್ ಮಾಡ್ದೆ!'

ಮನೆ ತಲುಪಿದ ಮೇಲೆ ಬೀಗಕ್ಕೆ ಕೀ ಹಾಕಲು ಅವರಿಗೆ ಆಗಲಿಲ್ಲ. ಕೈ ನಡುಗುತ್ತಿತ್ತು. ನಾನೇ ತೆಗೆದೆ. ಆ ವಿಷಯ ನಾವಿಬ್ಬರೂ ಇವತ್ತಿನವರೆಗೂ ಮಾತಾಡಿಲ್ಲ.

ಆಮೇಲೆ ಒಂದು ತಿಂಗಳು ಚೆನ್ನಾಗಿತ್ತು. ಮತ್ತೆ ಶುರುವಾಯಿತು. ಈ ಸಲ ಒಂದು ಹೊಸ ಸಂಗತಿ. 2019ರ ಜುಲೈಯಿಂದ ಬರುವ ಹೊಸ ಕಾರುಗಳಲ್ಲಿ 80 ದಾಟಿದರೆ ಆಗಾಗ ಬೀಪ್ ಅನ್ನುವ, 120 ದಾಟಿದರೆ ನಿಲ್ಲಿಸದೆ ಬಡಿದುಕೊಳ್ಳುವ ವ್ಯವಸ್ಥೆ ಕಡ್ಡಾಯವಾಗಿ ಇರುತ್ತದೆ. 100 ಮಿತಿ ಇರುವ ರಸ್ತೆಯಲ್ಲಿ 80ಕ್ಕೇ ಕೂಗುವುದು ಕಿರಿಕಿರಿ, ಅದು ಒಪ್ಪುತ್ತೇನೆ. ಆದರೆ 120ರದ್ದು ನನ್ನ ಏಕೈಕ ಗೆಳತಿಯಾಗಿತ್ತು. ನಾನು ಹೇಳಿದರೆ ಕಿರುಕುಳ, ಕಾರು ಹೇಳಿದರೆ ಟೆಕ್ನಾಲಜಿ, ಹೇಗೋ ಆಗಲಿ ಅಂತ ಸಮಾಧಾನ ಇತ್ತು. ಮೊನ್ನೆ ಹೋಗುವಾಗ ಮುಳ್ಳು 120 ದಾಟಿತು, ಸದ್ದಿಲ್ಲ. 125, ಸದ್ದಿಲ್ಲ. ಕೆಟ್ಟಿತಾ ಅಂತ ಕೇಳಿದೆ. 'ತೆಗೆಸ್ದೆ, ತಲೆನೋವು' ಅಂದರು. ಯಾವುದೋ ಅಂಗಡಿಯಲ್ಲಿ ಹತ್ತು ನಿಮಿಷದ ಕೆಲಸವಂತೆ, ಬಂದವರೆಲ್ಲ ತೆಗೆಸುತ್ತಾರಂತೆ. ಅಂಗಡಿಯ ಹೆಸರು ಬರೆಯುವುದಿಲ್ಲ, ಅದೊಂದೇ ಅಂಗಡಿ ಇರಲಾರದು. ಆದರೆ ಪೊಲೀಸರು, ಆರ್‌ಟಿಒದವರು ಕಪ್ಪು ಗಾಜು, ಕರ್ಕಶ ಸೈಲೆನ್ಸರ್ ಹುಡುಕುವ ಹಾಗೆ ಇದನ್ನೂ ಸ್ವಲ್ಪ ನೋಡಬೇಕು. ದಂಡಕ್ಕೆ ಅರ್ಧ ರಿಯಾಯಿತಿ ಕೊಡುವುದನ್ನು ಅತಿವೇಗದ ಮಟ್ಟಿಗಾದರೂ ಬಿಡಬೇಕು. ಮತ್ತೆ ನೀವು ಸುದ್ದಿ ಬರೆಯುವಾಗ 'ನಿಯಂತ್ರಣ ತಪ್ಪಿ' ಅಂತ ಬರೆಯುವುದನ್ನು ಒಮ್ಮೆ ಯೋಚಿಸಿ. ತಪ್ಪಿತು ಅಂದರೆ ತಾನಾಗಿ ತಪ್ಪಿದ ಹಾಗೆ ಕೇಳುತ್ತದೆ. 125ರಲ್ಲಿ ಹೋಗುವವನು ಅದನ್ನು ಟೋಲ್‌ನಲ್ಲೇ ಬಿಟ್ಟು ಬಂದಿರುತ್ತಾನೆ.

ಈಗ ಕೆಲವು ಸಲ ನಾನೇ ಓಡಿಸುತ್ತೇನೆ. 90, ಜಾಸ್ತಿ ಅಂದರೆ 95. ಪಕ್ಕದಲ್ಲಿ ಕೂತು 'ಎತ್ತಿನ ಗಾಡಿ' ಅಂತ ಹಾಸ್ಯ ಮಾಡುತ್ತಾ ಶ್ರೀರಂಗಪಟ್ಟಣ ಬರುವುದರೊಳಗೆ ನಿದ್ದೆ ಹೋಗುತ್ತಾರೆ, ಗೊರಕೆ ಸಮೇತ. ಹಿಂದೆ ಅತ್ತೆಯೂ ಮಲಗಿರುತ್ತಾರೆ. ಮದುವೆಯಾಗಿ ಇಪ್ಪತ್ತೊಂದು ವರ್ಷ, ಅವರು ಓಡಿಸುವಾಗ ನಾನು ಕಾರಿನಲ್ಲಿ ಒಂದು ದಿನವೂ ಕಣ್ಣು ಮುಚ್ಚಿಲ್ಲ.

ಮುಂದಿನ ಶನಿವಾರ ಮಗಳನ್ನು ಕರೆತರಬೇಕು. ಮನೆಗೆ ಬರುವ ಪೇಪರ್ ಮೊದಲು ಹೋಗುವುದು ಅವರ ಕೈಗೇ, ಅಷ್ಟರೊಳಗೆ ಇದು ಅಚ್ಚಾದರೆ ಓದುತ್ತಾರೆ. ಓದಿ ಸಿಟ್ಟು ಮಾಡಿಕೊಳ್ಳಲಿ, ಪರವಾಗಿಲ್ಲ. ಆ ಬೀಪ್ ವಾಪಸ್ ಹಾಕಿಸಿಕೊಂಡು ಬರುವ ತನಕ ಕಾರಿನ ಕೀ ನನ್ನ ಬ್ಯಾಗಿನಲ್ಲಿರುತ್ತದೆ, ಡೂಪ್ಲಿಕೇಟ್ ಅತ್ತೆಯ ಎಲೆ ಅಡಿಕೆ ಚೀಲದಲ್ಲಿದೆ. ಆರ್‌ಸಿ ಹೇಗೂ ನನ್ನ ಹೆಸರಿನಲ್ಲೇ ಇದೆಯಲ್ಲ.

ಇಂತಿ,
ನಿಮ್ಮ ಓದುಗಿ, ಕುವೆಂಪುನಗರ, ಮೈಸೂರು